ಆವತಿ ಸೀಮೆಯ ಬೈರೇಗೌಡ

ಬೈರೇಗೌಡ, ಬೈರಪ್ಪ, ಬೈರಣ್ಣ, ಬೈರಯ್ಯ, ಬೈರಾರೆಡ್ಡಿ ಇವೆಲ್ಲ ಒಂದೇ ಬೇರಿನಿಂದ ಒಡೆದ ಹೆಸರುಗಳು. ಬೇರು ಭೈರವ, ಶಿವನ ಉಗ್ರರೂಪ. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಹಳ್ಳಿಗಳಲ್ಲಿ ಐನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಗಂಡುಮಕ್ಕಳಿಗೆ ಈ ಹೆಸರನ್ನು ಇಡುತ್ತ ಬಂದಿದ್ದಾರೆ. ದೇವನಹಳ್ಳಿಯ ಮೊದಲ ಕೋಟೆ ಕಟ್ಟಿದವನ ಹೆಸರೇ ಮಲ್ಲಬೈರೇಗೌಡ. ಅವನ ಮನೆತನದ ಮೂಲಪುರುಷ ರಣಬೈರೇಗೌಡ. ಊರು ಹುಟ್ಟಿದ ಕಾಲದಿಂದ ಊರಿನ ಜೊತೆ ಬಂದ ಹೆಸರುಗಳಲ್ಲಿ ಇದಕ್ಕಿಂತ ಹಳೆಯದು ಈ ಸೀಮೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಸಂಸ್ಕೃತದ ‘ಭೈರವ’ ಎಂಬುದು ‘ಭೀರು’ ಶಬ್ದದಿಂದ ಬಂದದ್ದು. ಭಯಂಕರ, ಭಯ ಹುಟ್ಟಿಸುವವನು ಎಂದು ಅರ್ಥ. ಪುರಾಣದ ಕಥೆ ಈ ಅರ್ಥಕ್ಕೆ ತಕ್ಕುದಾಗಿಯೇ ಇದೆ. ತಾನೇ ದೊಡ್ಡವನೆಂದು ಬ್ರಹ್ಮ ಜಂಬ ಕೊಚ್ಚಿಕೊಂಡಾಗ ಶಿವನ ಕೋಪದಿಂದ ಭೈರವ ಹುಟ್ಟಿದ, ಹುಟ್ಟಿದವನೇ ಉಗುರಿನಿಂದ ಬ್ರಹ್ಮನ ಐದನೆಯ ತಲೆಯನ್ನು ಚಿವುಟಿ ಹಾಕಿದ. ಬ್ರಹ್ಮಹತ್ಯೆಯ ದೋಷ ಸುತ್ತಿಕೊಂಡು ಆ ಕಪಾಲ ಅವನ ಅಂಗೈಗೆ ಅಂಟಿತು. ಅದನ್ನೇ ಭಿಕ್ಷಾಪಾತ್ರೆ ಮಾಡಿಕೊಂಡು ಲೋಕವೆಲ್ಲ ಅಲೆದವನಿಗೆ ಕಾಶಿಯಲ್ಲಿ ಅದು ಕಳಚಿ ಬಿತ್ತು. ಕಪಾಲಮೋಚನ ಎಂಬ ತೀರ್ಥದ ಹೆಸರು ಆ ಕಥೆಯದು. ಇವತ್ತಿಗೂ ಕಾಲಭೈರವನನ್ನು ಕಾಶಿಯ ಕೊತ್ವಾಲ, ಅಂದರೆ ಊರ ಕಾವಲಿನ ಅಧಿಕಾರಿ ಎಂದು ಕರೆಯುತ್ತಾರೆ. ಶಿಲ್ಪಗಳಲ್ಲಿ ಅವನಿಗೆ ಬಟ್ಟೆಯಿಲ್ಲ. ಕೋರೆಹಲ್ಲು, ರುಂಡಮಾಲೆ, ತ್ರಿಶೂಲ, ಡಮರು, ಖಡ್ಗ, ಕಪಾಲ ಇರುತ್ತವೆ, ಕಾಲ ಬಳಿ ನಾಯಿ ನಿಂತಿರುತ್ತದೆ. ಹಳೇಬೀಡಿನ ಗೋಡೆಗಳ ಮೇಲೂ ಈ ರೂಪವನ್ನು ಕಾಣಬಹುದು.

ಪಂಡಿತರು ಈ ಶಬ್ದಕ್ಕೆ ಇನ್ನೊಂದು ಅರ್ಥವನ್ನೂ ಕಟ್ಟಿದ್ದಾರೆ. ಕಾಶ್ಮೀರದ ಶೈವ ಪರಂಪರೆಯಲ್ಲಿ ಭ, ರ, ವ ಎಂಬ ಮೂರು ಅಕ್ಷರಗಳನ್ನು ಬಿಡಿಸಿ ಭರಣ, ರವಣ, ವಮನ ಎಂದು ಓದುತ್ತಾರೆ. ಲೋಕವನ್ನು ಹೊತ್ತು ಸಲಹುವುದು, ಮರಳಿ ಒಳಗೆ ಸೆಳೆದುಕೊಳ್ಳುವುದು, ಹೊರಗೆ ಚೆಲ್ಲುವುದು ಈ ಮೂರನ್ನೂ ಮಾಡುವ ಪರಮತತ್ತ್ವವೇ ಭೈರವ ಎಂಬುದು ಆ ವ್ಯಾಖ್ಯಾನ. ಹೆಸರಿಡುವ ಮನೆಗಳಿಗೆ ಇದು ಮುಟ್ಟಿದ ವಿಚಾರವಲ್ಲ. ಹಳ್ಳಿಯ ಬಾಯಲ್ಲಿ ಮಹಾಪ್ರಾಣ ನಿಲ್ಲುವುದಿಲ್ಲ. ಭಾಷೆ ಬಾಸೆಯಾಗುವ, ಭಕ್ತ ಬಕುತನಾಗುವ ದಾರಿಯಲ್ಲೇ ಭೈರವ ಬೈರವನಾದ, ಕೊನೆಯ ಅಕ್ಷರವೂ ಉದುರಿ ಬೈರನಾದ. ಅದಕ್ಕೆ ಅಪ್ಪ, ಅಯ್ಯ, ಅಣ್ಣ ಸೇರಿದರೆ ಮನುಷ್ಯರ ಹೆಸರು, ಅಮ್ಮ ಸೇರಿದರೆ ಬೈರಮ್ಮ. ಊರ ಮುಖ್ಯಸ್ಥನ ಹುದ್ದೆಯಾಗಿದ್ದ ‘ಗೌಡ’ ಸೇರಿದಾಗ ಕೆಂಪೇಗೌಡ, ತಿಮ್ಮೇಗೌಡ, ಮುನೇಗೌಡರ ಸಾಲಿನಲ್ಲಿ ಬೈರೇಗೌಡ.

ಇಷ್ಟು ಉಗ್ರನಾದ ದೇವರ ಹೆಸರನ್ನು ತೊಟ್ಟಿಲ ಕೂಸಿಗೆ ಇಡಲು ಕಾರಣ ಅವನ ಕಾವಲುಗಾರಿಕೆ. ಭೈರವ ಕ್ಷೇತ್ರಪಾಲ. ಗುಡಿಯ ಎಲ್ಲೆ, ಊರಿನ ಎಲ್ಲೆ, ಹೊಲದ ಎಲ್ಲೆ ಕಾಯುವುದು ಅವನ ಕೆಲಸ. ಕೆಡುಕನ್ನು ಓಡಿಸಬೇಕಾದವನು ಕೆಡುಕಿಗಿಂತ ಭಯಂಕರನಾಗಿರಬೇಕು ಎಂಬ ನಂಬಿಕೆ ಇಲ್ಲಿದೆ. ಮಕ್ಕಳು ದಕ್ಕದ ಮನೆಗಳಲ್ಲಿ ಭೈರವನಿಗೆ ಹರಕೆ ಹೊತ್ತು, ಹುಟ್ಟಿದ ಮಗುವಿನ ಮುಡಿಯನ್ನು ಅವನ ಗುಡಿಯಲ್ಲಿ ತೆಗೆಸಿ, ಅವನ ಹೆಸರನ್ನೇ ಇಡುತ್ತಿದ್ದರು. ಸಿಡುಬು, ಕಾಲರಾ, ಪ್ಲೇಗು ಊರೂರನ್ನೇ ಬರಿದು ಮಾಡುತ್ತಿದ್ದ ಕಾಲದಲ್ಲಿ ತಾಯಿಯೊಬ್ಬಳು ಮಗನನ್ನು ‘ಬೈರಾ’ ಎಂದು ಕೂಗಿ ಕರೆಯುವುದೂ ಒಂದು ರಕ್ಷೆಯೇ ಆಗಿತ್ತು.

ದೇವನಹಳ್ಳಿ ಸೀಮೆಯಲ್ಲಿ ಈ ಹೆಸರು ಇಷ್ಟು ದಟ್ಟವಾಗಿ ಬೇರೂರಿದ್ದಕ್ಕೆ ಮೊರಸುನಾಡಿನ ಒಕ್ಕಲಿಗರ ಮನೆದೇವರು ಕಾರಣ. ಬೆಂಗಳೂರಿನ ಪೂರ್ವ ಮತ್ತು ಉತ್ತರ ಭಾಗ, ಕೋಲಾರ, ಗಡಿಯಾಚೆಯ ಕೆಲವು ಪ್ರದೇಶಗಳನ್ನು ಹಿಂದೆ ಮೊರಸುನಾಡು ಎನ್ನುತ್ತಿದ್ದರು. ಇಲ್ಲಿನ ಮೊರಸು ಒಕ್ಕಲಿಗರ ಹಲವು ಕುಲಗಳಿಗೆ ಭೈರವನೇ ಮನೆದೇವರು. ಅವರ ಮುಖ್ಯ ಕ್ಷೇತ್ರ ಕೋಲಾರ ತಾಲೂಕಿನ ವೇಮಗಲ್ ಬಳಿಯ ಸೀತಿಬೆಟ್ಟ. ಬೆಟ್ಟದ ಮೇಲಿನ ಭೈರವನ ಗುಡಿಗೆ ಸಂಬಂಧಿಸಿದ ಒಂದು ಕಥೆ, ಆ ಕಥೆಯಿಂದ ಹುಟ್ಟಿದ ಒಂದು ಆಚರಣೆ ಎರಡು ಶತಮಾನಗಳ ಹಿಂದೆಯೇ ಹೊರನಾಡಿನ ಬರಹಗಾರರ ಗಮನ ಸೆಳೆದವು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಅವನ ಹಿಂದೆಯೇ ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್, ಆಮೇಲೆ ಬಿ.ಎಲ್. ರೈಸ್ ಮತ್ತು ಎಡ್ಗರ್ ಥರ್ಸ್ಟನ್ ಇದನ್ನು ದಾಖಲಿಸಿದ್ದಾರೆ.

ಕಥೆ ಭಸ್ಮಾಸುರನದು. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಬೇಕೆಂಬ ವರ ಪಡೆದ ರಕ್ಕಸ ವರ ಕೊಟ್ಟ ಶಿವನ ತಲೆಗೇ ಕೈ ಚಾಚಿದ. ಶಿವ ಓಡಿಬಂದು ಹೊಲದಂಚಿನ ಪೊದೆಯಲ್ಲಿ ಅಡಗಿದ. ಪಕ್ಕದಲ್ಲಿ ಉಳುತ್ತಿದ್ದ ಮೊರಸು ಒಕ್ಕಲಿಗನನ್ನು ರಕ್ಕಸ ಕೇಳಿದಾಗ ಅವನಿಗೆ ಇಬ್ಬರ ಭಯವೂ ಹಿಡಿಯಿತು. ‘ಕಾಣೆ’ ಎಂದು ಬಾಯಲ್ಲಿ ಹೇಳಿದ, ಬೆರಳಲ್ಲಿ ಪೊದೆಯ ಕಡೆ ತೋರಿಸಿದ. ಅಷ್ಟರಲ್ಲಿ ವಿಷ್ಣು ಮೋಹಿನಿಯಾಗಿ ಬಂದು, ರಕ್ಕಸ ತನ್ನ ಕೈಯನ್ನು ತನ್ನ ತಲೆಯ ಮೇಲೇ ಇಟ್ಟುಕೊಳ್ಳುವಂತೆ ಮಾಡಿ ಶಿವನನ್ನು ಉಳಿಸಿದ. ಹೊರಬಂದ ಶಿವ ಆ ಬೆರಳಿಗೆ ಶಿಕ್ಷೆ ವಿಧಿಸಿದ. ಗಂಡನಿಗೆ ಬುತ್ತಿ ತಂದ ಹೆಂಡತಿ ಅದನ್ನು ಕಂಡು, ದುಡಿಯುವವನ ಬೆರಳು ಹೋದರೆ ಸಂಸಾರ ನಡೆಯುವುದಿಲ್ಲ, ಅದರ ಬದಲು ನನ್ನ ಎರಡು ಬೆರಳು ತೆಗೆದುಕೋ ಎಂದು ಬೇಡಿಕೊಂಡಳು. ಅವಳ ವಂಶದ ಹೆಣ್ಣುಗಳೆಲ್ಲ ಹಾಗೆಯೇ ಬೆರಳು ಒಪ್ಪಿಸಲಿ ಎಂದು ಶಿವ ಒಪ್ಪಿದ.

ಇದು ಬರೀ ಕಥೆಯಾಗಿ ಉಳಿಯಲಿಲ್ಲ. ಈ ಪಂಗಡದ ತಾಯಂದಿರು ಮಕ್ಕಳ ಕಿವಿ ಚುಚ್ಚಿಸುವ ಶಾಸ್ತ್ರಕ್ಕೆ ಮೊದಲು ಉಂಗುರದ ಬೆರಳು ಮತ್ತು ಕಿರುಬೆರಳಿನ ತುದಿಯ ಗೆಣ್ಣನ್ನು ಉಳಿಯಿಂದ ಕತ್ತರಿಸಿಕೊಳ್ಳುತ್ತಿದ್ದರು. ‘ಬೆರಳು ಕೊಡುವ ಒಕ್ಕಲಿಗರು’ ಎಂಬ ಹೆಸರು ಬಂದದ್ದು ಇದರಿಂದ. ಬಂಡಿ ಕಟ್ಟಿಕೊಂಡು ಹೋಗಿ ಮಾಡುತ್ತಿದ್ದ ಪೂಜೆಯಾದ್ದರಿಂದ ಬಂಡಿದೇವರು ಎಂಬ ಮಾತೂ ಇದೆ. ನೋವಿನ ಈ ಪದ್ಧತಿಯನ್ನು ಸರ್ಕಾರ 19ನೆಯ ಶತಮಾನದಲ್ಲಿ ತಡೆಯಿತು. ಆಮೇಲೆ ಬೆರಳ ತುದಿಯ ಆಕಾರದ ಚಿನ್ನ ಅಥವಾ ಬೆಳ್ಳಿಯ ತುಣುಕನ್ನು ಹಿಟ್ಟಿನಿಂದ ಅಂಟಿಸಿ ಅದನ್ನು ಕೀಳುವುದು ಶಾಸ್ತ್ರಕ್ಕೆ ಸಾಕಾಯಿತು. ಗಂಡಸಿನ ತಪ್ಪಿಗೆ ತಲೆಮಾರುಗಳ ಕಾಲ ಹೆಂಗಸು ದಂಡ ತೆತ್ತ ಈ ಚರಿತ್ರೆಯನ್ನು ಬೈರೇಗೌಡ ಎಂಬ ಹೆಸರಿನ ಚರಿತ್ರೆಯಿಂದ ಬೇರೆ ಮಾಡಲಾಗದು. ಮಗನಿಗೆ ಆ ಹೆಸರಿಟ್ಟ ಎಷ್ಟೋ ತಾಯಂದಿರ ಕೈಯಲ್ಲಿ ಬೆರಳುಗಳು ಪೂರ್ತಿ ಇರಲಿಲ್ಲ.

ಈ ಹೆಸರನ್ನು ನಾಡಿನ ಇತಿಹಾಸಕ್ಕೆ ತಂದವರು ಆವತಿಯ ನಾಡಪ್ರಭುಗಳು. ಆವತಿ ಇರುವುದು ದೇವನಹಳ್ಳಿಯಿಂದ ಉತ್ತರಕ್ಕೆ, ಚಿಕ್ಕಬಳ್ಳಾಪುರದ ಹೆದ್ದಾರಿಯಲ್ಲಿ. ಮನೆತನದ ಐತಿಹ್ಯದ ಪ್ರಕಾರ ಏಳು ಮಂದಿ ಒಕ್ಕಲಿಗ ಸೋದರರು ತಮ್ಮ ಸಂಸಾರಗಳನ್ನು ಬಂಡಿಗಳಲ್ಲಿ ಕೂರಿಸಿಕೊಂಡು ಕಂಚಿಯ ಸೀಮೆಯಿಂದ ಓಡಿಬಂದರು. ಅಲ್ಲಿನ ಪಾಳೆಯಗಾರನೊಬ್ಬ ಅವರ ಮನೆಯ ಹೆಣ್ಣನ್ನು ಬಲವಂತವಾಗಿ ಕೇಳಿದ್ದೇ ಕಾರಣ. ತುಂಬಿದ ಹೊಳೆ ಅಡ್ಡ ಬಂದಾಗ ಆ ಹುಡುಗಿ ತನ್ನ ಕಿವಿಯ ಓಲೆಯನ್ನು ಗಂಗೆಗೆ ಅರ್ಪಿಸಿದಳು, ಹೊಳೆ ದಾರಿ ಬಿಟ್ಟಿತು ಎನ್ನುತ್ತದೆ ಕಥೆ. ನಂದಿಬೆಟ್ಟದ ಆಚೆ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ತಂಗಿ, ಆಮೇಲೆ ಆವತಿಯಲ್ಲಿ ನೆಲೆ ನಿಂತ ಈ ಗುಂಪಿನ ಹಿರಿಯನೇ ರಣಬೈರೇಗೌಡ.

ಹೊಳೆ ಇಬ್ಭಾಗವಾದದ್ದನ್ನು ಐತಿಹ್ಯಕ್ಕೇ ಬಿಡಬೇಕು. ಅದರಾಚೆಗೆ ಉಳಿಯುವ ಸಂಗತಿ ಮುಖ್ಯವಾದುದು. ವಿಜಯನಗರದ ಅಧೀನದಲ್ಲಿ ಈ ಒಂದು ಗುಂಪಿನ ಕವಲುಗಳು ಆವತಿ, ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಸುಗಟೂರು, ಯಲಹಂಕಗಳಲ್ಲಿ ಹರಡಿ ಆಳಿದವು. ಹೊಸಕೋಟೆ ಸುಗಟೂರಿನವರದು. 1537ರಲ್ಲಿ ಬೆಂಗಳೂರಿಗೆ ಕೋಟೆ ಕಟ್ಟಿದ ಕೆಂಪೇಗೌಡ ಯಲಹಂಕದ ಕವಲಿನವನು. ದೇವನಹಳ್ಳಿ ಬಳಿಯ ವಿಮಾನ ನಿಲ್ದಾಣಕ್ಕೆ 2013ರಲ್ಲಿ ಅವನ ಹೆಸರಿಟ್ಟಾಗ, 2022ರಲ್ಲಿ ಅಲ್ಲಿ 108 ಅಡಿಯ ಪ್ರತಿಮೆ ನಿಂತಾಗ, ಆವತಿಯ ವಂಶದವನೊಬ್ಬ ಆವತಿಯ ಬಳಿಗೇ ಮರಳಿದಂತಾಯಿತು. ಮೂಲದ ಬೈರೇಗೌಡರ ಹೆಸರು ಮಾತ್ರ ಇಷ್ಟು ದೂರ ಹಬ್ಬಲಿಲ್ಲ.

ಈ ಮನೆತನದ ಹೆಸರುಗಳಲ್ಲಿ ಗಮನಿಸಬೇಕಾದದ್ದು ಮೊದಲಿಗೆ ಬರುವ ಪದ. ರಣಬೈರ, ಮಲ್ಲಬೈರ, ಸಣ್ಣಬೈರ. ದೇವರು ಒಬ್ಬನೇ, ಮನೆಯೂ ಒಂದೇ, ಹೆಸರು ಹೊರುವವರು ಹಲವರು. ಗುರುತು ಹಿಡಿಯಲು ಒಬ್ಬನಿಗೆ ಯುದ್ಧದ ರಣ, ಇನ್ನೊಬ್ಬನಿಗೆ ಕುಸ್ತಿಯ ಬಲವನ್ನೂ ಶ್ರೀಶೈಲದ ಮಲ್ಲಯ್ಯನನ್ನೂ ಒಟ್ಟಿಗೆ ನೆನಪಿಸುವ ಮಲ್ಲ, ಕಿರಿಯವನಿಗೆ ಸಣ್ಣ. ಹಳ್ಳಿಯ ದೊಡ್ಡಬೈರಪ್ಪ, ಚಿಕ್ಕಬೈರಪ್ಪ, ಮುನಿಬೈರಪ್ಪ, ಪಿಳ್ಳಬೈರಪ್ಪಗಳ ವ್ಯಾಕರಣ ಆಗಲೇ ಸಿದ್ಧವಾಗಿತ್ತು.

ಮಲ್ಲಬೈರೇಗೌಡ ದೇವನದೊಡ್ಡಿ ಎಂಬಲ್ಲಿ 1501ರಲ್ಲಿ ಮಣ್ಣಿನ ಕೋಟೆ ಕಟ್ಟಿದ ಎಂದು ಗ್ಯಾಸೆಟಿಯರುಗಳು ಹೇಳುತ್ತವೆ. ದೊಡ್ಡಬಳ್ಳಾಪುರದ ಸ್ಥಾಪನೆಯ ಕಥೆಯಲ್ಲೂ ಇವನದೇ ಹೆಸರು. ಹಸುವೊಂದು ಹುತ್ತದ ಮೇಲೆ ಬಳ್ಳದಷ್ಟು ಹಾಲು ಸುರಿಸುವುದನ್ನು ಕಂಡು ಅಲ್ಲಿ ಊರು ಕಟ್ಟಿಸಿದನಂತೆ. ದೇವನಹಳ್ಳಿ ಎರಡೂವರೆ ಶತಮಾನದ ಹತ್ತಿರ ಈ ಮನೆತನದ ಕೈಯಲ್ಲಿತ್ತು. 18ನೆಯ ಶತಮಾನದ ನಡುವೆ ಮೈಸೂರಿನ ನಂಜರಾಜಯ್ಯನ ಸೈನ್ಯ ಮುತ್ತಿಗೆ ಹಾಕಿ ಕೋಟೆಯನ್ನು ವಶಪಡಿಸಿಕೊಂಡಿತು. ಹೈದರಾಲಿ ಎಂಬ ಯೋಧ ಮೊದಲು ಹೆಸರು ಮಾಡಿದ್ದು ಈ ಮುತ್ತಿಗೆಯಲ್ಲಿ. ಈಗ ಕಾಣುವ ಕಲ್ಲಿನ ಕೋಟೆ ಹೈದರಾಲಿ, ಟಿಪ್ಪು ಕಾಲದ್ದು. ಟಿಪ್ಪು ಹುಟ್ಟಿದ್ದೂ ದೇವನಹಳ್ಳಿಯಲ್ಲೇ. ಅವನ ಹೆಸರೂ ಹರಕೆಯದು ಎಂಬುದನ್ನು ಇಲ್ಲಿ ನೆನೆಯಬೇಕು. ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾ ಹೆಸರನ್ನು ಮಗುವಿಗೆ ಇಟ್ಟರು. ತಾತ ಫತೇ ಮಹಮ್ಮದನ ನೆನಪಿಗೆ ಫತೇ ಅಲಿ ಎಂಬ ಹೆಸರೂ ಬಂತು. ಸಂತನ ಹೆಸರು, ತಾತನ ಹೆಸರು ಎಂಬ ಈ ಎರಡು ನಿಯಮಗಳೇ ಕೋಟೆಯ ಹೊರಗಿನ ಹೊಲಗಳಲ್ಲಿ ಬೈರೇಗೌಡರನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತಿದ್ದವು.

ಭೈರವನ ಹೆಸರು ಶೈವರ ಸ್ವತ್ತಾಗಿಯೇ ಇರಲಿಲ್ಲ. ಕರಾವಳಿಯ ಕಾರ್ಕಳವನ್ನು ಆಳಿದ ಜೈನ ಅರಸರ ಬಿರುದು ಭೈರರಸ. ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದವನು ವೀರಪಾಂಡ್ಯ ಭೈರರಸ, 1586ರಲ್ಲಿ ಚತುರ್ಮುಖ ಬಸದಿ ಕಟ್ಟಿಸಿದವನು ಇಮ್ಮಡಿ ಭೈರರಸ. ಕಾಳುಮೆಣಸಿನ ವ್ಯಾಪಾರದಿಂದ ಪೋರ್ಚುಗೀಸರ ಬಾಯಲ್ಲಿ ಮೆಣಸಿನ ರಾಣಿ ಎನಿಸಿಕೊಂಡ ಗೇರುಸೊಪ್ಪೆಯ ಚೆನ್ನಭೈರಾದೇವಿಯೂ ಜೈನಳೇ. ಅಹಿಂಸೆಯ ಧರ್ಮದ ಅರಸರು ಕಪಾಲ ಹಿಡಿದ ದೇವರ ಹೆಸರನ್ನು ಹೊತ್ತದ್ದು ವಿಚಿತ್ರವೆನಿಸಬಹುದು. ಬಸದಿಗಳಿಗೂ ಕ್ಷೇತ್ರಪಾಲ ಬೇಕಿತ್ತು ಎಂಬುದನ್ನು ನೆನೆದರೆ ವಿಚಿತ್ರ ಉಳಿಯುವುದಿಲ್ಲ.

ಹಳೆಯ ಮೈಸೂರು ಭಾಗದಲ್ಲಿ ಈ ಹೆಸರಿನ ಇನ್ನೊಂದು ಊಟೆ ನಾಗಮಂಗಲ ತಾಲೂಕಿನ ಆದಿಚುಂಚನಗಿರಿ. ಅಲ್ಲಿನ ಕಾಲಭೈರವೇಶ್ವರ ನಾಥಪಂಥದವರ ದೇವರು. ಕಿವಿಗೆ ಕುಂಡಲ ತೊಟ್ಟು ಅಲೆಯುವ ಜೋಗಿಗಳ ಮೂಲಕ ಭೈರವನ ಪದಗಳು ಮಂಡ್ಯ, ಹಾಸನ, ತುಮಕೂರಿನ ಹಳ್ಳಿಗಳಿಗೆ ಹಬ್ಬಿದವು. ಜೋಗಿಗೆ ಜೋಳಿಗೆ ತುಂಬಿಸಿದ ಮನೆಯಲ್ಲಿ ಹುಟ್ಟಿದ ಗಂಡುಮಗು ಬೈರಪ್ಪನಾಗುವುದು ಸಹಜವಾಗಿತ್ತು. 1974ರಲ್ಲಿ ಪೀಠಕ್ಕೆ ಬಂದು 2013ರಲ್ಲಿ ದೇಹ ಬಿಟ್ಟ ಬಾಲಗಂಗಾಧರನಾಥ ಸ್ವಾಮೀಜಿ ಶಾಲೆ, ಕಾಲೇಜು, ಆಸ್ಪತ್ರೆಗಳ ಮೂಲಕ ಮಠವನ್ನು ಬೆಳೆಸಿದ ಮೇಲೆ ಕಾಲಭೈರವೇಶ್ವರನ ಪಟ ಬೆಂಗಳೂರಿನ ಅಂಗಡಿ, ಆಟೋಗಳನ್ನೂ ಸೇರಿತು. ಒಂದು ವ್ಯತ್ಯಾಸ ಮಾತ್ರ ಉಂಟು. ದೇವನಹಳ್ಳಿ ಕಡೆಯ ಬೈರ ಸೀತಿಬೆಟ್ಟದ ಕಡೆ ಮುಖ ಮಾಡಿದವನು, ಮಂಡ್ಯದ ಬೈರ ಚುಂಚನಗಿರಿಯ ಒಕ್ಕಲು.

ನೆರೆನಾಡುಗಳಲ್ಲಿ ಇದೇ ಹೆಸರು ಬೇರೆ ಬೇರೆ ವೇಷದಲ್ಲಿದೆ. ತೆಲುಗಿನಲ್ಲಿ ಬೈರೆಡ್ಡಿ. ಕೋಲಾರದ ಗಡಿಯಿಂದ ಕರ್ನೂಲಿನವರೆಗೆ ಹೆಸರಾಗಿಯೂ ಮನೆತನದ ಹೆಸರಾಗಿಯೂ ಸಿಗುತ್ತದೆ. ತಮಿಳಿನಲ್ಲಿ ಭ ಇಲ್ಲದ್ದರಿಂದ ವೈರವನ್, ಚೆಟ್ಟಿನಾಡಿನಲ್ಲಿ ವೈರವನ್‌ಪಟ್ಟಿ ಎಂಬ ಊರೇ ಇದೆ. ಮರಾಠಿಯಲ್ಲಿ ಭೈರೋಬಾ ಊರ ದೇವರು. ರಾಜಸ್ಥಾನದಲ್ಲಿ ಭೈರೋ, 2002ರಿಂದ 2007ರವರೆಗೆ ಉಪರಾಷ್ಟ್ರಪತಿಯಾಗಿದ್ದ ಭೈರೋನ್ ಸಿಂಗ್ ಶೆಖಾವತ್ ಅವರ ಹೆಸರು ಇದೇ. ನೇಪಾಳದ ಕಠ್ಮಂಡುವಿನ ಹಳೆಯ ಅರಮನೆಯ ಅಂಗಳದಲ್ಲಿ ಕಾಲಭೈರವನ ದೊಡ್ಡ ಶಿಲೆ ನಿಂತಿದೆ. ಕರ್ನಾಟಕದೊಳಗೆ ಊರುಗಳೂ ಈ ಹೆಸರನ್ನು ಉಳಿಸಿಕೊಂಡಿವೆ. ಬೆಂಗಳೂರಿನ ಬೈರಸಂದ್ರ, ಬಿಡದಿ ಬಳಿಯ ಬೈರಮಂಗಲ, ಮುಳಬಾಗಿಲು ತಾಲೂಕಿನ ಬೈರಕೂರು, ಎತ್ತಿನಹೊಳೆ ಯೋಜನೆಯಿಂದ ಸುದ್ದಿಗೆ ಬಂದ ಬೈರಗೊಂಡ್ಲು, ಜೊತೆಗೆ ಹಲವು ಬೈರಾಪುರಗಳು.

ತಾತನ ಹೆಸರನ್ನು ಮೊದಲ ಮೊಮ್ಮಗನಿಗೆ ಇಡುವುದು ಒಕ್ಕಲುಮನೆಗಳ ಹಳೆಯ ಕಟ್ಟಳೆ. ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಹೆಸರು ಮರಳಿ ಬರುತ್ತದೆ. ಬೈರಪ್ಪನ ಮಗ ಮುನಿಯಪ್ಪ, ಮುನಿಯಪ್ಪನ ಮಗ ಬೈರಪ್ಪ. ಇದರಿಂದ ಒಂದು ತೊಡಕೂ ಹುಟ್ಟಿತು. ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲ, ಅಜ್ಜಿ ಗಂಡನ ಹೆಸರು ಹಿಡಿದು ಕೂಗುವಂತಿಲ್ಲ. ಹಾಗಾಗಿ ಮಾವನ ಹೆಸರಿನ ಮಗನನ್ನು ಮನೆಯಲ್ಲಿ ಸಣ್ಣಪ್ಪ, ಚಿಕ್ಕಣ್ಣ, ಅಪ್ಪಯ್ಯ, ತಾತ ಎಂದೇ ಕರೆದರು. ಎಷ್ಟೋ ಹುಡುಗರಿಗೆ ತಮ್ಮ ನಿಜವಾದ ಹೆಸರು ಬೈರಪ್ಪ ಎಂದು ಗೊತ್ತಾಗುತ್ತಿದ್ದುದು ಶಾಲೆಗೆ ಸೇರಿದ ದಿನ. ಊರಿನವರಿಗೆ ಸಣ್ಣಪ್ಪ, ದಾಖಲೆಯಲ್ಲಿ ಬೈರಪ್ಪ, ಹೀಗೆ ಎರಡು ಹೆಸರಿನಲ್ಲಿ ಬದುಕಿದವರು ಈ ಭಾಗದಲ್ಲಿ ಬಹಳ.

ಇದರ ಫಲವನ್ನು ಕಂದಾಯ ಇಲಾಖೆಯ ಕಡತಗಳಲ್ಲಿ ಕಾಣಬೇಕು. ಪಹಣಿಯಲ್ಲಿ ಇವತ್ತಿಗೂ ತಂದೆಯ ಹೆಸರಿಗೆ ಮೊದಲು ‘ಬಿನ್’ ಎಂದು ಬರೆಯುತ್ತಾರೆ. ‘ಬೈರಪ್ಪ ಬಿನ್ ದೊಡ್ಡಬೈರಪ್ಪ’, ‘ಬೈರೇಗೌಡ ಬಿನ್ ಮುನಿಬೈರೇಗೌಡ’ ಎಂಬ ನಮೂದುಗಳು ಒಂದೇ ಊರಿನಲ್ಲಿ ಹಲವಾರು. ಜಮೀನಿಗೆ ಬೆಲೆ ಇಲ್ಲದ ಕಾಲದಲ್ಲಿ ಇದು ಯಾರಿಗೂ ತೊಂದರೆಯಾಗಲಿಲ್ಲ. 2008ರಲ್ಲಿ ವಿಮಾನ ನಿಲ್ದಾಣ ತೆರೆದು ಸುತ್ತಲಿನ ಭೂಮಿಯ ಬೆಲೆ ಏರಿದ ಮೇಲೆ, ಯಾವ ಬೈರಪ್ಪನ ಪಾಲು ಯಾವುದು ಎಂದು ತೋರಿಸಲು ವಂಶವೃಕ್ಷ, ‘ಉರುಫ್’ ಎಂದು ಸೇರಿಸಿದ ಎರಡನೆಯ ಹೆಸರು, ಪ್ರಮಾಣಪತ್ರ ಎಲ್ಲವೂ ಬೇಕಾದವು. ಇಂಗ್ಲಿಷಿನಲ್ಲಿ ಬರೆಯುವಾಗ ಈ ಹೆಸರಿಗೆ ನಾಲ್ಕಾರು ಕಾಗುಣಿತಗಳಿರುವುದು ಗೋಜಲನ್ನು ಇನ್ನಷ್ಟು ಬೆಳೆಸಿದೆ. ಬೈರೇಗೌಡ ಎಂಬ ಒಂದೇ ಪದ ಪಾಸ್‌ಪೋರ್ಟಿನಲ್ಲಿ ಬೈರೆ ಮತ್ತು ಗೌಡ ಎಂಬ ಎರಡು ತುಂಡಾಗುತ್ತದೆ.

ಹೆಸರಿನ ಬಾಲದಲ್ಲಿ ಜಾತಿಯ ಚರಿತ್ರೆಯೂ ಇದೆ, ಅದನ್ನು ಮುಚ್ಚಿಟ್ಟು ಈ ಹೆಸರಿನ ಬಗ್ಗೆ ಬರೆಯುವುದು ಸರಿಯಲ್ಲ. ಭೈರವನಿಗೆ ನಡೆದುಕೊಳ್ಳುವವರಲ್ಲಿ ಭೂಮಿಯುಳ್ಳ ಒಕ್ಕಲಿಗರಿದ್ದರು, ಅವರ ಹೊಲದಲ್ಲಿ ದುಡಿಯುವ ದಲಿತರೂ ಇದ್ದರು. ದೇವರ ಹೆಸರು ಇಬ್ಬರಿಗೂ ಒಂದೇ. ಒಬ್ಬ ಬೈರೇಗೌಡನಾದರೆ ಇನ್ನೊಬ್ಬ ಬರೀ ಬೈರ. ಮೇಲಿನವರ ಬಾಯಲ್ಲಿ ಅಪ್ಪ, ಅಯ್ಯ ಎಂಬ ಗೌರವದ ಪ್ರತ್ಯಯ ಅವನಿಗೆ ಸಿಗುತ್ತಿರಲಿಲ್ಲ, ಸರ್ಕಾರಿ ಕಾಗದದಲ್ಲೂ ಹಾಗೆಯೇ ನಮೂದಾಗುತ್ತಿತ್ತು. ಶಾಲೆಯ ಹಾಜರಿ ಪುಸ್ತಕ, ಮತದಾರರ ಪಟ್ಟಿ, ದಲಿತ ಚಳವಳಿಯ ಸ್ವಾಭಿಮಾನ ಇವೆಲ್ಲ ಸೇರಿ ಬೈರನನ್ನು ಬೈರಯ್ಯ, ಬೈರಪ್ಪ ಮಾಡಲು ಬಹಳ ಕಾಲ ಹಿಡಿಯಿತು. ಎರಡಕ್ಷರದ ಆ ಸೇರ್ಪಡೆಯ ಬೆಲೆ ಅದನ್ನು ಪಡೆದವರಿಗೆ ಚೆನ್ನಾಗಿ ಗೊತ್ತಿತ್ತು.

ಜಾತಿಗಳನ್ನು ದಾಟಿದ ಹೆಸರು ಇದು ಎನ್ನಲು ಎಲ್ಲರಿಗೂ ಗೊತ್ತಿರುವ ನಿದರ್ಶನ ಕಾದಂಬರಿಕಾರ ಎಸ್.ಎಲ್. ಭೈರಪ್ಪ. ಹಾಸನ ಜಿಲ್ಲೆಯ ಸಂತೇಶಿವರದ ಬ್ರಾಹ್ಮಣ ಕುಟುಂಬದಲ್ಲಿ 1931ರಲ್ಲಿ ಹುಟ್ಟಿ, 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ ಅವರಿಂದ ಈ ಹೆಸರು ಅನುವಾದಗಳ ಮೂಲಕ ಹಿಂದಿ, ಮರಾಠಿ ಓದುಗರಿಗೂ ಪರಿಚಿತವಾಯಿತು. ರಾಜಕಾರಣದಲ್ಲಿ ವೇಮಗಲ್ ಕ್ಷೇತ್ರದ ಶಾಸಕರಾಗಿ, ಕೃಷಿ ಸಚಿವರಾಗಿ ಹೆಸರು ಮಾಡಿದವರು ಸಿ. ಬೈರೇಗೌಡ. ಸೀತಿಬೆಟ್ಟದ ಸೀಮೆಯಿಂದ ಬಂದವರಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಅವರ ಮಗ, ಬ್ಯಾಟರಾಯನಪುರದ ಶಾಸಕ, 2023ರಲ್ಲಿ ಕಂದಾಯ ಸಚಿವರಾದ ಕೃಷ್ಣ ಬೈರೇಗೌಡ ಅವರ ಹೆಸರಿನಲ್ಲಿ ಒಂದು ಬದಲಾವಣೆ ಕಾಣುತ್ತದೆ. ಅವರ ಸ್ವಂತ ಹೆಸರು ಕೃಷ್ಣ, ಬೈರೇಗೌಡ ತಂದೆಯಿಂದ ಬಂದದ್ದು. ಮುಂದೆ ನಿಂತು ಮನುಷ್ಯನನ್ನು ಗುರುತಿಸುತ್ತಿದ್ದ ಹೆಸರು ಹಿಂದಕ್ಕೆ ಸರಿದು ಮನೆತನದ ಗುರುತಾಗಿದೆ. ನಗರಕ್ಕೆ ಹತ್ತಿರವಾದ ಎಷ್ಟೋ ಕುಟುಂಬಗಳಲ್ಲಿ ಇದೇ ನಡೆದಿದೆ.

ಎಣಿಕೆಯಲ್ಲಿ ನೋಡಿದರೆ ದೇವನಹಳ್ಳಿ, ಕೋಲಾರದ ಕಡೆ ಬೈರನ ದೊಡ್ಡ ಪೈಪೋಟಿ ಮುನಿಯೊಡನೆ. ಊರಾಚೆ ಮರದಡಿ ಕೂತ ಮುನೇಶ್ವರನಿಂದ ಬಂದ ಮುನಿಯಪ್ಪ, ಮುನಿಸ್ವಾಮಿ, ಮುನಿರಾಜು, ಮುನಿಶಾಮಪ್ಪ, ಮುನಿವೆಂಕಟಪ್ಪ ಈ ಸೀಮೆಯ ಅಚ್ಚೊತ್ತಿದ ಹೆಸರುಗಳು. 2019ರ ಲೋಕಸಭಾ ಚುನಾವಣೆಯಲ್ಲಿ ಕೋಲಾರದಲ್ಲಿ ಎದುರು ಬದುರಾದವರು ಕೆ.ಎಚ್. ಮುನಿಯಪ್ಪ ಮತ್ತು ಎಸ್. ಮುನಿಸ್ವಾಮಿ. ದೇವನಹಳ್ಳಿ ವಿಧಾನಸಭಾ ಕ್ಷೇತ್ರದಿಂದ 2013ರಲ್ಲಿ ಗೆದ್ದವರು ಪಿಳ್ಳಮುನಿಶಾಮಪ್ಪ, 2023ರಲ್ಲಿ ಗೆದ್ದವರು ಅದೇ ಕೆ.ಎಚ್. ಮುನಿಯಪ್ಪ. ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಎಷ್ಟೋ ಮನೆಗಳಲ್ಲಿ ಪೈಪೋಟಿಯನ್ನು ಬಗೆಹರಿಸಿದ್ದು ಮುನಿಬೈರಪ್ಪ ಎಂಬ ಜೋಡು ಹೆಸರು, ಕಾವಲಿನ ಇಬ್ಬರು ದೇವರೂ ಒಂದೇ ಮಗುವಿನ ಬೆನ್ನಿಗೆ.

1970ರ ದಶಕದ ನಂತರ ಹುಟ್ಟಿದವರಲ್ಲಿ ಬೈರಪ್ಪ, ಬೈರೇಗೌಡ ಕಡಿಮೆಯಾದವು. ರೇಡಿಯೊ, ಸಿನಿಮಾ, ಕಾಲೇಜು ಹಳ್ಳಿಗೆ ಬಂದ ಮೇಲೆ ಅಪ್ಪ ಅಯ್ಯಗಳಿಂದ ಮುಗಿಯುವ ಹೆಸರು ಹಳತೆನಿಸಿತು. ಮಂಜುನಾಥ, ರವಿಕುಮಾರ, ನಾಗರಾಜು ಬಂದರು, ಅವರ ಮಕ್ಕಳಿಗೆ ಇನ್ನೂ ಚಿಕ್ಕ ಹೆಸರುಗಳು ಬಂದವು. ಬೈರ ಎಂದರೆ ಹಳ್ಳಿಗ ಎಂಬ ಭಾವನೆ ಪಟ್ಟಣದ ಶಾಲೆಗಳಲ್ಲಿ ಹಬ್ಬಿದ್ದೂ ಒಂದು ಕಾರಣ. ತಾತನ ಹೆಸರನ್ನು ಪೂರ್ತಿ ಬಿಡಲು ಮನಸ್ಸಿಲ್ಲದವರು ನಾಮಕರಣದ ದಿನ ಕಿವಿಯಲ್ಲಿ ಬೈರಪ್ಪ ಎಂದು ಮೂರು ಸಲ ಹೇಳಿ, ಜನನ ಪ್ರಮಾಣಪತ್ರದಲ್ಲಿ ಬೇರೆ ಹೆಸರು ಬರೆಸುತ್ತಾರೆ. ಇನ್ನು ಕೆಲವರು ಬೈರೇಗೌಡದ ಮೊದಲಕ್ಷರವನ್ನು ಮಾತ್ರ ಇನಿಷಿಯಲ್ಲಾಗಿ ಉಳಿಸಿಕೊಂಡಿದ್ದಾರೆ.

ಇತ್ತೀಚೆಗೆ ಹೆಸರು ಇನ್ನೊಂದು ಬಾಗಿಲಿನಿಂದ ಮರಳುತ್ತಿದೆ. ಈ ಬಾರಿ ಹಳ್ಳಿಯ ಬೈರನಾಗಿ ಬರದೆ ಸಂಸ್ಕೃತದ ಭೈರವನಾಗಿ, ಕೊನೆಯ ಸ್ವರ ಕಳಚಿದ ಭೈರವ್ ಆಗಿ ಬರುತ್ತಿದೆ. ಇದಕ್ಕೆ ಸಿನಿಮಾದ ಒತ್ತಾಸೆ ದೊಡ್ಡದು. 2009ರ ತೆಲುಗಿನ ‘ಮಗಧೀರ’ದ ಕಾಲಭೈರವ, 2017ರ ‘ಮಫ್ತಿ’ಯಲ್ಲಿ ಮೊದಲು ಕಾಣಿಸಿಕೊಂಡು 2024ರಲ್ಲಿ ಸ್ವತಂತ್ರ ಚಿತ್ರವಾದ ಶಿವರಾಜ್‌ಕುಮಾರ್ ಅವರ ‘ಭೈರತಿ ರಣಗಲ್’, ಅದೇ ವರ್ಷದ ‘ಕಲ್ಕಿ’ಯಲ್ಲಿ ಪ್ರಭಾಸ್ ಮಾಡಿದ ಭೈರವ ಎಲ್ಲರೂ ಬಲಶಾಲಿಗಳು. ಹೆಸರಿನಲ್ಲಿ ಮೊದಲಿನಿಂದಲೂ ಇದ್ದ ಭಯಂಕರ ಎಂಬ ಅರ್ಥ ಇಲ್ಲಿ ಪೌರುಷವಾಗಿ ಕಾಣುತ್ತದೆ. ಹಳೆಯ ಬೈರಪ್ಪನಲ್ಲಿ ಆ ಅರ್ಥ ಸವೆದು ಮನೆಯ ಹಿರಿಯನ ಸೌಮ್ಯತೆ ಮಾತ್ರ ಉಳಿದಿತ್ತು. ಬೆಂಗಳೂರಿನ ಒಕ್ಕಲಿಗ ಕುಟುಂಬಗಳಿಗೆ ಭೈರವ್ ಎಂಬುದು ಎರಡು ಕಡೆಯಿಂದಲೂ ಅನುಕೂಲ. ಕೇಳಲು ಹೊಸದು, ಮನೆದೇವರ ಮುಂದೆ ಹೇಳಲು ಹಳೆಯದು. ಮುಡಿ ಕೊಡಲು ಕಾರ್ತಿಕದ ಕಾಲಭೈರವಾಷ್ಟಮಿಗೆ ಆದಿಚುಂಚನಗಿರಿಗೋ ಸೀತಿಬೆಟ್ಟಕ್ಕೋ ಮಗುವನ್ನು ಕರೆದೊಯ್ಯುವ ರೂಢಿ ಈ ಮನೆಗಳಲ್ಲಿ ಮುಂದುವರಿದಿದೆ.